ಇಗ್ನೋತೊನ ಮಕ್ಕಳು

ನನಗಾಗ ಅಕ್ಷರ ಕೂಡಿಸಿ ಓದುವ ವಯಸ್ಸು.
ಅಪ್ಪ ಒಕ್ಬಾಯ್, ಕೆರೆನ್ ಪಟ್ಟಣದಲ್ಲಿ
ಇಟಲಿಯವರು ಬಿಟ್ಟುಹೋದ ಗೋರಿಗಳ ಕಾವಲುಗಾರ,
ನೀರಿನ ಪೈಪು ಎಳೆಯುತ್ತ ಮುಂದೆ;
ನಾನು ಹಿಂದೆ, ಕಲ್ಲಿಂದ ಕಲ್ಲಿಗೆ
ಬೆರಳಿಟ್ಟು ಓದುತ್ತ:
ಅಸ್ಕಾರೊ ಇಗ್ನೋತೊ.
ಪಕ್ಕದ್ದೂ ಅಸ್ಕಾರೊ ಇಗ್ನೋತೊ.
ಅದರಾಚೆಯದೂ.

ನಮ್ಮಲ್ಲಿ ಮನೆತನದ ಹೆಸರಿಲ್ಲ.
ಮೊದಲು ನಿನ್ನದು, ಬೆನ್ನಿಗೆ ಅಪ್ಪನದು, ಮುಗಿಯಿತು.
ಹಾಗಾಗಿ ನನಗೆ ಅನುಮಾನವೇ ಬರಲಿಲ್ಲ:
ಇಗ್ನೋತೊ ಎಂಬ ಒಬ್ಬ ಮಹಾಶಯ
ಹೆಸರು ಹುಡುಕಲು ಬೇಸರವಾಗಿ
ಹುಟ್ಟಿದ ಗಂಡಿಗೆಲ್ಲ ಅಸ್ಕಾರೊ ಎಂದಿಟ್ಟು
ಒಬ್ಬೊಬ್ಬರನ್ನೇ ಗುಡ್ಡಕ್ಕೆ ಕಳಿಸಿದ್ದಾನೆ.
ಅವರಮ್ಮ ಉಣ್ಣಲು ಕರೆದಾಗ
ಎಷ್ಟು ಜನ ಓಡಿಬರುತ್ತಿದ್ದರೋ!
ಎಷ್ಟು ದೊಡ್ಡ ಹಂಚಿರಬೇಕು ಆ ಮನೆಯದು!

ಕೊನೆಗೊಂದು ದಿನ ಕೇಳಿಯೇಬಿಟ್ಟೆ.
ಅಪ್ಪ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ
ನೀರು ಬೀಸಣಿಗೆಯಾಗುವುದನ್ನೇ ನೋಡುತ್ತ ಅಂದ:
"ಅಸ್ಕಾರೊ ಅಂದ್ರೆ ನಮ್ಮವನು, ಅವರ ಸಿಪಾಯಿ.
ಇಗ್ನೋತೊ ಅಂದ್ರೆ, ಯಾರೋ ಗೊತ್ತಿಲ್ಲ."
ಯಾರಿಗೆ ಗೊತ್ತಿಲ್ಲ ಎಂದು
ಕೇಳಬೇಕಿತ್ತು ನಾನು.
ಪೈಪು ಮಡಚಿಕೊಂಡಿತ್ತು, ಬಿಡಿಸಲು ಓಡಿದೆ.

ನಮ್ಮದೇ ಯುದ್ಧ ಮುಗಿದ ಮರುವರ್ಷ, ರಸ್ತೆ ತೆರೆದ ಮೇಲೆ,
ಮೆಂದೆಫೆರಾ ಕಡೆಯಿಂದ ಅಬ್ರಹೆತ್ ಬಂದಳು,
ಬಿಳಿ ಬಟ್ಟೆ, ಗಂಟಿನಲ್ಲಿ ರೊಟ್ಟಿ, ಅರ್ಧ ಮೇಣದಬತ್ತಿ.
"ನಮ್ಮಪ್ಪ ಎಲ್ಲಿ?"
ಸಂಚಿಲ್ ಗುಡ್ಡದಲ್ಲಿ ಸತ್ತವನು,
ಅವಳಿನ್ನೂ ಅಮ್ಮನ ಹೊಟ್ಟೆಯಲ್ಲಿದ್ದಾಗ.
ಅಪ್ಪನ ಹತ್ತಿರ ಪಟ್ಟಿಯಿಲ್ಲ, ಪುಸ್ತಕವಿಲ್ಲ.
ಪೊರಕೆ ಗೋಡೆಗೆ ಒರಗಿಸಿ ಅಂದ:
"ಆರಿಸಿಕೋ ತಾಯಿ."

ಚಪ್ಪಲಿ ಬಿಟ್ಟು ಸಾಲು ಸಾಲು ನಡೆದಳು.
ಮಧ್ಯಾಹ್ನ ದಾಟಿತು. ಮೂರನೆಯ ಸಾಲಿನ ಕೊನೆ,
ಜಾಲಿಮರದ ಕೆಳಗೆ ಕೂತುಬಿಟ್ಟಳು.
"ಇವನೇ. ಬಿಸಿಲು ಅಂದ್ರೆ ಆಗ್ತಿರಲಿಲ್ಲವಂತೆ ಅವನಿಗೆ."

ಎರಡು ವರ್ಷದ ಮೇಲೆ ಅಗೊರ್ದಾತ್ ಕಡೆಯ ಲಾರಿಯಿಂದ
ಇಳಿದವಳು ಜಹ್ರಾ. ಅದೇ ಪ್ರಶ್ನೆ.
ಅಪ್ಪನದೂ ಅದೇ ಉತ್ತರ.
ಅವಳು ಸುತ್ತಾಡಲೇ ಇಲ್ಲ, ನೇರ ಹೋಗಿ
ಅದೇ ಜಾಲಿಯ ಕೆಳಗೆ ಅಂಗೈ ತೆರೆದು ನಿಂತಳು.
ಅಲ್ಲಿಂದ ಅವಳೂರಿನ ದಾರಿ ಕಾಣುತ್ತಿತ್ತು.
ಅಪ್ಪ ಬಾಯಿ ತೆರೆದ. ಮುಚ್ಚಿದ.

ಇನ್ನು ಅವರಿಬ್ಬರೂ ಎದುರಾಗದಿರಲೆಂದು
ಅಪ್ಪ ಕನ್ನಿಮರಿಯಮ್ಮನಿಗೆ ಹರಕೆ ಹೊತ್ತ.
ಅವಳು ಕೇಳಿಸಿಕೊಳ್ಳಲಿಲ್ಲ.
ಒಂದು ಸೋಮವಾರ, ಒಂಟೆಸಂತೆಯ ಧೂಳಿನ ನಡುವೆ,
ಒಂದೇ ಕಲ್ಲಿನ ಎರಡು ಬದಿಗೆ ಇಬ್ಬರು ಹೆಂಗಸರು.
ಅಬ್ರಹೆತ್ ಮೊದಲು ಅವಳ ಮೂಗು ನೋಡಿದಳು,
ಆಮೇಲೆ ಕಿವಿ, ಆಮೇಲೆ ಪಾದ.
"ನೀನು ಅವನ ಮುಖ ನೋಡಿದ್ದೀಯಾ?"
"ಇಲ್ಲ."
"ನಾನೂ ಇಲ್ಲ."
ಚಾಪೆಯಲ್ಲಿ ಕೊಂಚ ಸರಿದಳು.

ನಡುಗುವ ಕೈಯಲ್ಲಿ ಅಪ್ಪ ಕಾಫಿಬೀಜ ಹುರಿದ.
ಮೊದಲ ಸುತ್ತು ಮಾತಿಲ್ಲದೆ ಇಳಿಯಿತು.
ಎರಡನೆಯದಕ್ಕೆ ಗಂಡಂದಿರು, ಮೊಣಕಾಲು ನೋವು, ಎಣ್ಣೆಯ ಬೆಲೆ.
ಮೂರನೆಯದಕ್ಕೆ ಜೋರು ಜಗಳ,
ಇಬ್ಬರಲ್ಲಿ ಅಕ್ಕ ಯಾರೆಂದು.
ಗುಂಡಿನ ಸದ್ದು ಹತ್ತಿದ ತಿಂಗಳು ಹುಟ್ಟಿದ್ದು ನಾನು, ಎಂದಳು ಇವಳು.
ಗುಂಡು ನಿಂತ ತಿಂಗಳು ನನಗೆ ಹಲ್ಲು ಬಂದಿತ್ತು, ಎಂದಳು ಅವಳು.

ವರ್ಷಾ ವರ್ಷ ಇದೇ ಜಗಳ, ತೀರ್ಮಾನವಿಲ್ಲ.
ಅಪ್ಪ ಹೋದ. ಪೈಪು ನನ್ನ ಕೈಗೆ ಬಂತು,
ಮೂರು ಕಡೆ ಸೈಕಲ್ ಟ್ಯೂಬ್ ಸುತ್ತಿದ್ದೇನೆ.
ಈ ಸಲ ಅಬ್ರಹೆತ್ ಒಬ್ಬಳೇ ಬಂದಳು.
ಚಾಪೆಯ ಅರ್ಧಕ್ಕೆ ಮಾತ್ರ ಕೂತಳು.
ಮೂರು ಸುತ್ತು ಕಾಫಿಯನ್ನೂ ಮುಗಿಸಿ
ಕಲ್ಲಿಗೆ ಹೇಳಿದಳೋ ನನಗೆ ಹೇಳಿದಳೋ:
"ಚಿಕ್ಕವಳು ಮೊದಲು ಹೋಗಬಾರದಿತ್ತು."

ನಲ್ಲಿಯಲ್ಲಿ ನೀರು ಬಂದ ಸದ್ದಾಯಿತು.
ಎದ್ದೆ. ನಮಗೆ ವಾರಕ್ಕೆ ಎರಡೇ ದಿನ.